ಮಾದೇವಿಯ ಕಂಪ್ಯೂಟರಿಗೆ ಬಾಯಿ ಬಂದ ವಿಜಯದಶಮಿ

ನಾನು ಆಸ್ಪತ್ರೆಯಲ್ಲಿ ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಯಜಮಾನರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಯಾರದಾದರೂ ಕಂಪ್ಯೂಟರ್ ಕೆಟ್ಟರೆ ಇವಳು ಹೋಗಿ ಒಂದು ಸಲ ಆರಿಸಿ ಹಾಕುತ್ತಾಳೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಕೇಳಿದರೆ ನಾನು ಬೇರೆ ಉತ್ತರ ಕೊಡುತ್ತೇನೆ. ನಮ್ಮದು ಓದುವ ಕೆಲಸ. ಪರದೆಯ ಮೇಲೆ ದೋಷ ಬಂದಾಗ ಎಲ್ಲರೂ ಕೊನೆಯ ಸಾಲು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ಮೊದಲ ಸಾಲಿನಿಂದ ಓದಿಕೊಂಡು ಬರುವುದಕ್ಕೆ ಒಬ್ಬರು ಬೇಕು. ಆ ಒಬ್ಬರಿಗೆ ಸಂಬಳ ಕೊಡುತ್ತಾರೆ.

ನಮ್ಮ ಆಸ್ಪತ್ರೆ ಒಂದು ಟ್ರಸ್ಟಿನದು, ಚೆನ್ನೈನ ಉತ್ತರಕ್ಕೆ, ಕಾಸಿಮೇಡು ಬಂದರಿಗೆ ಹತ್ತಿರ. ಮೀನಿನ ಹರಾಜು ಮುಗಿಸಿದವರು ಹಾಗೇ ನೇರವಾಗಿ ಹೊರರೋಗಿಗಳ ಸಾಲಿಗೆ ಬಂದು ನಿಲ್ಲುತ್ತಿದ್ದರು. ಬಲೆಯ ಹಗ್ಗ ಕೊಯ್ದ ಕೈ, ಮೀನಿನ ಮುಳ್ಳು ಹೊಕ್ಕು ಬಾತ ಬೆರಳು. ತ್ರಿಪ್ಲಿಕೇನ್‌ನ ಮಡಿ ಮನೆಯಿಂದ ಹೊರಟು ಬಸ್ಸು ಹತ್ತಿ ಬರುತ್ತಿದ್ದ ನಾನು ಮೊದಮೊದಲು ಆ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ವಾಸನೆ ಬಾರದ ದಿನ ಇವತ್ತು ಬಂದರಿಗೆ ರಜವೋ ಏನೋ ಅನ್ನಿಸತೊಡಗಿತು.

ನಾನು ಸೇರಿದ ಕೆಲವು ವರ್ಷಗಳಲ್ಲೇ ಅಲ್ಲಿ ಕಂಪ್ಯೂಟರುಗಳನ್ನು ನಡೆಸಲು ಲಿನಕ್ಸ್ ಎಂಬ ಬಿಟ್ಟಿ ವ್ಯವಸ್ಥೆ ಬಂತು. ಲಿನಕ್ಸ್‌ನಲ್ಲಿ ಯಾವುದೇ ತಂತ್ರಾಂಶವನ್ನು ಅಂಗಡಿಯಿಂದ ತಂದು ಹಾಕುವುದಿಲ್ಲ. ರೆಪಾಸಿಟರಿ ಎಂಬ ಒಂದು ಉಗ್ರಾಣ ಇರುತ್ತದೆ, ಅದರಿಂದ ಪ್ಯಾಕೇಜುಗಳನ್ನು ಕೇಳಿ ಪಡೆಯಬೇಕು. ನಮ್ಮ ಬೀದಿಯ ಮೆಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಸಾಂಬಾರು ಬೇಕೆಂದರೆ ಬೇಳೆ, ಹುಣಸೆಹಣ್ಣು, ಇಂಗು ಎಲ್ಲವೂ ಉಗ್ರಾಣದಲ್ಲಿರಬೇಕು. ಇಂಗೊಂದು ಇಲ್ಲದಿದ್ದರೂ ಈ ಅಡಿಗೆಯವನು ಸೌಟು ಮುಟ್ಟುವುದಿಲ್ಲ. ಡೆಸ್ಕ್‌ಟಾಪ್ ಎಂದರೆ ಪರದೆಯ ಮೇಲೆ ನಮಗೆ ಕಾಣುವ ಕಿಟಕಿ, ಮೆನು, ಚಿತ್ರ ಇವೆಲ್ಲದರ ವ್ಯವಸ್ಥೆ, ಒಂದು ಮದುವೆ ಊಟ. ನೂರಾರು ಪ್ಯಾಕೇಜುಗಳು ಒಂದನ್ನೊಂದು ಹಿಡಿದುಕೊಂಡು ಬರಬೇಕು.

ಉಗ್ರಾಣದ ಬಾಗಿಲಲ್ಲಿ ಎಡವಿದ ಮೊದಲ ಪಾಠ ನನ್ನ ಕಣ್ಣೆದುರೇ ನಡೆಯಿತು. ಹೊರಗಿನ ಕಂಪನಿಯ ಎಂಜಿನಿಯರ್ ಒಬ್ಬ ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಹಾಕಲು ಬಂದ. ಒಂದು ಪ್ಯಾಕೇಜು ಸಿಗಲಿಲ್ಲ. ಅವನು ಅಂತರ್ಜಾಲದಲ್ಲಿ ಯಾರೋ ಬರೆದಿದ್ದ ಸಾಲನ್ನು ನಕಲು ಹೊಡೆದು, ಮುಂದಿನ ಆವೃತ್ತಿಯ ಉಗ್ರಾಣವನ್ನೂ ಸೇರಿಸಿಬಿಟ್ಟ. ಸಿಗದಿದ್ದ ಪ್ಯಾಕೇಜು ಸಿಕ್ಕಿತು, ಜೊತೆಗೆ ಅದು ತನ್ನ ನೆಂಟರನ್ನೆಲ್ಲ ಕರೆದುಕೊಂಡು ಬಂತು. ಅರ್ಧ ಹಳೆಯದು, ಅರ್ಧ ಹೊಸದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮಾರನೆಯ ಬೆಳಗ್ಗೆ ಆ ಕಂಪ್ಯೂಟರ್ ಏಳಲೇ ಇಲ್ಲ. ಕೌಂಟರಿನ ಹುಡುಗಿ ಕೈಯಲ್ಲಿ ಬಿಲ್ಲು ಬರೆದಳು, ಸಾಲು ಗೇಟಿನ ಹೊರಗೆ ಹೋಯಿತು, ಎಂಜಿನಿಯರ್ ಫೋನ್ ತೆಗೆಯಲಿಲ್ಲ. ಎರಡು ಆವೃತ್ತಿಗಳನ್ನು ಬೆರೆಸಬಾರದು ಎಂಬುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಲಿಲ್ಲ.

ಇದಾದ ಮೇಲೆ ನಾವು ಉಗ್ರಾಣದ ನಕಲೊಂದನ್ನು ಆಸ್ಪತ್ರೆಯೊಳಗೇ ಇಟ್ಟುಕೊಂಡೆವು. ಇದನ್ನು ಮಿರರ್ ಎನ್ನುತ್ತಾರೆ. ರೋಗಿಗಳ ವಿವರ ಇರುವ ಕಂಪ್ಯೂಟರುಗಳು ಹೊರಗಿನ ಜಾಲವನ್ನು ಮುಟ್ಟಬಾರದು ಎಂಬ ನಿಯಮವಿತ್ತು, ನಮ್ಮ ಅಂತರ್ಜಾಲದ ಲೈನೂ ಆಮೆಯದು. ಹಾಗಾಗಿ ಮಿರರ್ ಒಂದೇ ಹೊರಗಿನಿಂದ ತಂದಿಟ್ಟುಕೊಳ್ಳುವುದು, ಮಿಕ್ಕವರೆಲ್ಲ ಅದರಿಂದ ಪಡೆಯುವುದು. ಹೊರಗಿನ ಬಾಗಿಲಿನ ಬೀಗದ ಕೈ, ಅಂದರೆ ಪಾಸ್‌ವರ್ಡ್, ನಮ್ಮ ಆಡಳಿತಾಧಿಕಾರಿ ಸಂಪತ್ ಸಾರ್ ಹತ್ತಿರ. ಅವರು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಜಾತಿ. ಆದರೂ ಕೆಟ್ಟವರಲ್ಲ. ಆಸ್ಪತ್ರೆಯ ಒಂದು ಬಲ್ಬು ಹೋದರೂ ತಮ್ಮ ಮನೆಯದೇ ಹೋಯಿತು ಎಂಬಂತೆ ಒದ್ದಾಡುವ ಮನುಷ್ಯ.

ಸಂಪತ್ ಸಾರ್‌ಗೆ ವರ್ಷದ ದೊಡ್ಡ ದಿನ ಆಯುಧಪೂಜೆ. ಅವತ್ತು ತುರ್ತು ಚಿಕಿತ್ಸೆಯ ಯಂತ್ರಗಳನ್ನು ಬಿಟ್ಟು ಮಿಕ್ಕ ಎಲ್ಲವೂ ಆರಬೇಕು. ಒರೆಸಿ, ಗಂಧ ಹಚ್ಚಿ, ಕುಂಕುಮ ಇಟ್ಟು, ಪುರಿ ಕಡಲೆ ಹಂಚಿ, ಗೇಟಿನಲ್ಲಿ ಬೂದುಗುಂಬಳಕಾಯಿ ಒಡೆಯಬೇಕು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಈ ಬಗ್ಗೆ ನನ್ನ ತಕರಾರಿರಲಿಲ್ಲ. ನಮ್ಮ ಮನೆಯಲ್ಲೂ ಅವತ್ತು ಪುಸ್ತಕ ಮುಟ್ಟುವಂತಿಲ್ಲ, ಚಿಕ್ಕವಳಿದ್ದಾಗ ನನಗೆ ಅದಕ್ಕಿಂತ ಪ್ರಿಯವಾದ ಹಬ್ಬವಿರಲಿಲ್ಲ. ಗಂಧ ಕಂಪ್ಯೂಟರಿನ ಯಾವ ಭಾಗಕ್ಕೆ ಹಚ್ಚಬೇಕು ಎಂಬುದನ್ನು ಮಾತ್ರ ಯಾರೂ ಶಾಸ್ತ್ರದಲ್ಲಿ ಹೇಳಿಲ್ಲ, ಹಾಗಾಗಿ ವಾರ್ಡ್ ಹುಡುಗರು ಕೈಗೆ ಬಂದ ಕಡೆ ಹಚ್ಚುತ್ತಿದ್ದರು.

ಈಗ ಮಾದೇವಿ. ಡಾಕ್ಟರುಗಳು ದನಿಮುದ್ರಿಸಿ ಕೊಟ್ಟದ್ದನ್ನು ಕೇಳಿ, ರೋಗಿ ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಟೈಪ್ ಮಾಡುವುದು ಅವಳ ಕೆಲಸ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಒಂದು ಕಿವಿಯಲ್ಲಿ ಡಾಕ್ಟರ ದನಿ, ಇನ್ನೊಂದು ಕಿವಿಯಲ್ಲಿ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದ ದನಿ. ಊರು ತಾಳವಾಡಿ, ಈರೋಡು ಜಿಲ್ಲೆಯ ಬೆಟ್ಟದ ಮೇಲೆ. ಮನೆಮಾತು ಕನ್ನಡ, ನನ್ನ ಕನ್ನಡಕ್ಕಿಂತ ಗಟ್ಟಿ. ಒಮ್ಮೆ ನಾನು "ಬೇಗ ಬಾ, ಬಸ್ಸು ಕಿಳಂಬಿಬಿಡುತ್ತೆ" ಎಂದು ಹೊರಡುವುದಕ್ಕೆ ತಮಿಳು ಮಾತು ಬಳಸಿದ್ದಕ್ಕೆ, ಅಕ್ಕ ನಿಮ್ಮ ಕನ್ನಡದಲ್ಲಿ ಕನ್ನಡ ಎಲ್ಲಿದೆ ಎಂದು ವರ್ಷಗಟ್ಟಲೆ ಕಾಡಿಸಿದಳು.

ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ, ದಾಖಲೆ ವಿಭಾಗದಲ್ಲಿ ಉಳಿದಿದ್ದ ಹಳೆಯ ಕಂಪ್ಯೂಟರುಗಳೂ ಲಿನಕ್ಸ್‌ಗೆ ಬದಲಾಗಬೇಕೆಂದು ಆದೇಶವಾಯಿತು. ಮಾದೇವಿಯ ಓದುವ ತಂತ್ರಾಂಶ ಹಳೆಯದರಲ್ಲಿ ಮಾತ್ರ ಓಡುವಂಥದ್ದು. ನಾವು ಲಿನಕ್ಸ್‌ನಲ್ಲಿ ಬಳಸುತ್ತಿದ್ದ ಹಗುರ ಡೆಸ್ಕ್‌ಟಾಪ್ ಮೂಗಿ. ಅಷ್ಟರಲ್ಲಿ ಹೊರಗಿನ ಏಜೆನ್ಸಿಯೊಂದು ಟೈಪಿಂಗ್ ಕೆಲಸವನ್ನೆಲ್ಲ ತಾನೇ ಮಾಡಿಕೊಡುವುದಾಗಿ ಬಂದಿತ್ತು. ಮಾದೇವಿಯನ್ನು ವಿಚಾರಣೆಯ ಫೋನಿಗೆ ಕೂರಿಸಿದರಾಯಿತು ಎಂದು ಮೇಲಿನವರ ಯೋಚನೆ. ನೋಡುವವರಿಗೆ ಅದರಲ್ಲಿ ಅನ್ಯಾಯವೇನೂ ಕಾಣುತ್ತಿರಲಿಲ್ಲ, ಸಂಬಳವೂ ಅಷ್ಟೇ ಬರುತ್ತಿತ್ತು. ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡು ಅವಳಿಗೆ ಹೇಳಿದೆ.

"ಫೋನು ಎತ್ತಕ್ಕ ಯಾರಾದ್ರೂ ಸಿಕ್ತಾರ ಅಕ್ಕ," ಎಂದಳು. "ನಾ ಕಲ್ತಿರದು ಟೈಪಿಂಗು. ಅದ ಕಿತ್ಕಂಡ್ರ ನಾ ಇಲ್ಲಿ ಬರೀ ಕುರುಡಿ ಅಂತ ಕುಂತಿರಬೇಕಾಯ್ತದ."

ನಾನು ಸೂಪರಿಂಟೆಂಡೆಂಟ್ ಡಾಕ್ಟರಮ್ಮನ ಹತ್ತಿರ ಹೋಗಿ, ಲಿನಕ್ಸ್‌ನಲ್ಲೂ ಓದಿ ಹೇಳುವ ವ್ಯವಸ್ಥೆಯಿದೆ, ಅದಕ್ಕೆ ಹೊಂದುವ ಬೇರೆ ಡೆಸ್ಕ್‌ಟಾಪ್ ಹಾಕಿದರೆ ಸಾಕು ಎಂದೆ. ಅವರು ಬಹಳ ಮಾತಿನವರಲ್ಲ. ವಿಜಯದಶಮಿ ಬೆಳಗ್ಗೆ ಹೊಸ ಕೆಲಸ ಶುರು ಮಾಡಲು ಒಳ್ಳೆಯ ದಿನ, ಅವತ್ತು ನನ್ನ ಮುಂದೆ ಒಂದು ಸಮ್ಮರಿ ಟೈಪ್ ಮಾಡಲಿ, ಆಗದಿದ್ದರೆ ಏಜೆನ್ಸಿಗೆ ಹೂಂ ಎನ್ನುತ್ತೇನೆ ಎಂದರು. ಅವರ ಮಾತು ಒಂದೇ ಸಲ.

ಹೊಸ ಡೆಸ್ಕ್‌ಟಾಪಿನ ಪ್ಯಾಕೇಜುಗಳು ನಮ್ಮ ಮಿರರ್‌ನಲ್ಲಿ ಇರಲಿಲ್ಲ. ಹೊರಗಿನಿಂದ ತರಿಸಲು ಹಚ್ಚಿದೆ. ನಮ್ಮ ಆಮೆ ಲೈನಿನಲ್ಲಿ ಅದು ಹಗಲೂ ರಾತ್ರಿ ಓಡಿ ವಿಜಯದಶಮಿಯ ಬೆಳಗಿನ ಹೊತ್ತಿಗೆ ಮುಗಿಯಬೇಕು. ನಡುವೆ ಆಯುಧಪೂಜೆ. ಸಂಪತ್ ಸಾರ್‌ಗೆ ಮೊದಲೇ ಹೇಳಿದೆ, ಮಿರರ್ ಇರುವ ಈ ಒಂದು ಮಿಷಿನ್ ಮಾತ್ರ ಆರಿಸಬೇಡಿ. ಅವರು ಧಾರಾಳವಾಗಿ ಒಪ್ಪಿದರು. ನಾನು ಮಿಷಿನ್ ಮೇಲೆ ತಮಿಳಿನಲ್ಲಿ ಆರಿಸಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಮನೆಯ ಪೂಜೆಗೆ ಹೊರಟೆ.

ಮಾರನೆಯ ಬೆಳಗ್ಗೆ ಬಂದಾಗ ನಾನು ಅಂಟಿಸಿದ ಕಾಗದದ ಮೇಲೆ ಗಂಧ ಹಚ್ಚಿ ಕುಂಕುಮ ಇಟ್ಟಿತ್ತು. ಮಿಷಿನ್ ಆರಿತ್ತು. ಮಂತ್ರ ಹೇಳಲು ಬಂದ ವಾಧ್ಯಾರರು, ಎಲ್ಲ ಆಯುಧಗಳೂ ವಿಶ್ರಾಂತಿಯಲ್ಲಿರುವಾಗ ಇದೊಂದು ಯಾಕೆ ಗುಂಯ್ ಅನ್ನುತ್ತಿದೆ ಎಂದು ಕೇಳಿದರಂತೆ. ಸಂಪತ್ ಸಾರ್ ಅವರಿಗೆ ಎದುರು ಹೇಳಲಾರದೆ ಎಲೆಕ್ಟ್ರಿಷಿಯನ್ ಕಡೆ ನೋಡಿದರಂತೆ. ಎಲೆಕ್ಟ್ರಿಷಿಯನ್ ಕೋಣೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದ. ಕರೆಂಟು ಹೋದರೂ ನಿಲ್ಲದಿರಲೆಂದು ಇಟ್ಟಿದ್ದ ಯುಪಿಎಸ್ ಕೂಡ ಒಂದು ಆಯುಧವೇ ಆದ್ದರಿಂದ, ಅದರ ತಲೆಯ ಮೇಲೂ ಸೇವಂತಿಗೆ ಹೂವಿಟ್ಟು ಆರಿಸಿದ್ದರು.

ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡು ಕೂರಲು ಸಮಯವಿರಲಿಲ್ಲ. ಸ್ವಿಚ್ಚುಗಳನ್ನೆಲ್ಲ ಹಾಕಿ, ಮೊದಲೇ ಲಿನಕ್ಸ್ ತುಂಬಿಸಿಟ್ಟಿದ್ದ ಮಾದೇವಿಯ ಕಂಪ್ಯೂಟರಿನ ಮುಂದೆ ಕೂತೆ. ಅವಳು ಆಗಲೇ ಬಂದು ಪಕ್ಕದ ಕುರ್ಚಿಯಲ್ಲಿದ್ದಳು. ಹಬ್ಬದ ಹೊಸ ಸೀರೆ, ಮಡಿಲಲ್ಲಿ ಹೆಡ್‌ಫೋನು. ಡೆಸ್ಕ್‌ಟಾಪ್ ಹಾಕು ಎಂದು ಆಜ್ಞೆ ಕೊಟ್ಟೆ. ದೋಷ ಬಂತು. ಉಗ್ರಾಣದ ಈ ಕಡತ ಇನ್ನೂ ಜಾರಿಗೇ ಬಂದಿಲ್ಲ ಎಂಬ ಅರ್ಥದ ಸಾಲು.

ಪಕ್ಕದಲ್ಲಿ ನಿಂತಿದ್ದ ಸಂಪತ್ ಸಾರ್ ಉಗ್ರಾಣವೇ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ಪೂಜೆಗಾಗಿ ತಂತಿ ಕಿತ್ತಿಟ್ಟಿದ್ದ ಈ ಕಂಪ್ಯೂಟರಿನ ಒಳಗಿನ ಗಡಿಯಾರದ ಚಿಕ್ಕ ಬ್ಯಾಟರಿ ಎಂದೋ ಸತ್ತಿತ್ತು. ಎದ್ದಾಗ ಅದು ತನ್ನ ಬಾಲ್ಯದ ಯಾವುದೋ ದಿನಕ್ಕೆ ಹೋಗಿ ಕೂತಿತ್ತು. ಅದರ ಲೆಕ್ಕದಲ್ಲಿ ಉಗ್ರಾಣದ ಕಡತ ಮುಂದೆ ಎಂದೋ ಹುಟ್ಟಬೇಕಾದದ್ದು. ತಾರೀಖು ಸರಿ ಮಾಡಿದೆ, ಆ ದೋಷ ಹೋಯಿತು. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ: ಉಗ್ರಾಣವನ್ನು ಬೈಯುವ ಮೊದಲು ಗೋಡೆಯ ಕ್ಯಾಲೆಂಡರನ್ನೂ ಪರದೆಯ ತಾರೀಖನ್ನೂ ಒಮ್ಮೆ ನೋಡಬೇಕು.

ಎರಡನೆಯ ದೋಷ ನಿಜವಾದ ಕಂಟಕ. ಪ್ಯಾಕೇಜುಗಳ ಅಳತೆ ಪಟ್ಟಿಯಲ್ಲಿ ಇದ್ದಂತೆ ಇಲ್ಲ, ಗುರುತು ತಾಳೆಯಾಗುತ್ತಿಲ್ಲ ಎಂದು ಸಾಲು ಸಾಲಾಗಿ ಇಳಿಯಿತು. ಆ ಸಾಲುಗಳ ನಡುವೆ ಒಂದು ಸಣ್ಣ ಪ್ರಶ್ನೆಯಿತ್ತು: ಮಿರರ್‌ನ ನಕಲು ಕೆಲಸ ಇನ್ನೂ ನಡೆಯುತ್ತಿದೆಯೇ? ಕಂಪ್ಯೂಟರು ಮನುಷ್ಯರನ್ನು ಇಷ್ಟು ವಿನಯದಿಂದ ಪ್ರಶ್ನೆ ಕೇಳುವುದು ಅಪರೂಪ. ಅದರಲ್ಲೇ ಉತ್ತರವೂ ಇತ್ತು. ಹೊಸ ಪಟ್ಟಿ ಬಂದಿತ್ತು, ಪಟ್ಟಿಯಲ್ಲಿದ್ದ ಸಾಮಾನು ಪೂರ್ತಿ ಬರುವ ಮೊದಲೇ ಮೇನ್ ಸ್ವಿಚ್ ಬಿದ್ದಿತ್ತು. ಕೆಲವು ಪ್ಯಾಕೇಜುಗಳು ಅರ್ಧ ಮಾತ್ರ ಇದ್ದವು.

ಮಿರರ್‌ನ ಕೆಲಸವನ್ನು ಮುಂದುವರಿಸಿದರೆ ಸಂಜೆಯಾಗುತ್ತದೆ. ಡಾಕ್ಟರಮ್ಮ ರೌಂಡ್ಸ್ ಮುಗಿಸಿ ಬರುವುದು ಮಧ್ಯಾಹ್ನದ ಊಟಕ್ಕೆ ಮುಂಚೆ. ಸಂಪತ್ ಸಾರ್ ತಮ್ಮ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದರು. ಅದರಲ್ಲಿ ಯಾರೋ ಬರೆದಿದ್ದರು: ಗುರುತು ಪರೀಕ್ಷೆಯನ್ನು ಬಿಟ್ಟುಬಿಡಿ, ಓದುವ ತಂತ್ರಾಂಶವನ್ನು ಮಾತ್ರ ಹೊಸ ಆವೃತ್ತಿಯ ಉಗ್ರಾಣದಿಂದ ತಂದು ಬಲವಂತವಾಗಿ ಹಾಕಿ. ಬಿಲ್ಲಿಂಗ್ ಕೌಂಟರಿನ ಕತೆ ಅವರೂ ನೋಡಿದ್ದರು, ಆದರೂ ಕಷ್ಟ ಬಂದಾಗ ಮನುಷ್ಯನಿಗೆ ಅಡ್ಡದಾರಿ ಹೆದ್ದಾರಿಯ ಹಾಗೆ ಕಾಣುತ್ತದೆ. ಹಾಗೆ ಮಾಡಿದರೆ ಇವತ್ತು ಒಂದು ಸಮ್ಮರಿ ಟೈಪ್ ಆಗಬಹುದು, ನಾಳೆ ಕಂಪ್ಯೂಟರ್ ಏಳದಿದ್ದರೆ ಮಾದೇವಿಯ ಹೆಸರು ಕೆಡುತ್ತದೆ ಎಂದೆ. ಈಗಿನ ಹುಡುಗರು ದೋಷವನ್ನು ನಕಲು ಮಾಡಿ ಚಾಟ್‌ಬಾಟಿಗೆ ಅಂಟಿಸಿ ಉತ್ತರ ಕೇಳುತ್ತಾರಂತೆ. ನನಗೆ ಅದರಲ್ಲಿ ವಿರೋಧವಿಲ್ಲ, ಯಾರಾದರೊಬ್ಬರು ಓದಿದರೆ ಸರಿ. ಆದರೆ ಬಲವಂತವಾಗಿ ಹಾಕು ಎಂಬ ಸಲಹೆ ಎಲ್ಲಿಂದ ಬಂದರೂ ಒಂದು ಲೋಟ ನೀರು ಕುಡಿದು ಯೋಚಿಸಿ.

ಉಳಿದಿದ್ದ ನೇರ ದಾರಿ ಒಂದೇ. ಈ ಒಂದು ಕಂಪ್ಯೂಟರಿಗೆ ಸ್ವಲ್ಪ ಹೊತ್ತು ಹೊರಗಿನ ಮೂಲ ಉಗ್ರಾಣದ ವಿಳಾಸ ಕೊಟ್ಟು, ಅದೇ ಆವೃತ್ತಿಯಿಂದ, ಗುರುತು ಪರೀಕ್ಷೆಯೊಂದಿಗೇ ಪ್ಯಾಕೇಜು ಇಳಿಸಿಕೊಳ್ಳುವುದು. ರೋಗಿಗಳ ವಿವರ ಅದರಲ್ಲಿ ಇನ್ನೂ ತುಂಬಿರಲಿಲ್ಲ, ಹಾಗಾಗಿ ನಿಯಮ ಮುರಿದಂತೆಯೂ ಆಗದು. ಅದಕ್ಕೆ ಸಂಪತ್ ಸಾರ್ ಬಾಗಿಲು ತೆರೆಯಬೇಕು. ಅವರು ಕೈಕಟ್ಟಿ ನಿಂತರು. ಅವರ ತಲೆಯಲ್ಲಿದ್ದದ್ದು ಬೀಗದ ಚಿಂತೆಯಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಮಾದೇವಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು, ಅವಳಿಗೆ ಕೇಳಿಸದ ದನಿಯೇ ಇಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

"ಪೂಜೆಯಿಂದ ಕೆಟ್ಟಿತು ಅಂತ ಡಾಕ್ಟರಮ್ಮನಿಗೆ ಹೇಳ್ತೀರಾ ಮೈಥಿಲಿ ಮೇಡಂ?"

"ಪೂಜೆಯಿಂದ ಅಲ್ಲ ಸಾರ್, ಮೇನ್ ಸ್ವಿಚ್ಚಿಂದ," ಎಂದೆ. "ಅವರು ಕೇಳಿದರೆ ಕರೆಂಟು ಹೋಗಿತ್ತು ಅಂತೀನಿ. ಹೋಗಿದ್ದು ನಿಜ ತಾನೆ."

ಅವರು ತಮ್ಮ ಕೋಣೆಗೆ ಹೋದರು, ಬಾಗಿಲು ತೆರೆಯಿತು. ನಾನು ಮಿರರ್‌ನಿಂದ ಬಂದಿದ್ದ ಹಳೆಯ ಪಟ್ಟಿಯನ್ನೆಲ್ಲ ಅಳಿಸಿ, ಮೂಲ ಉಗ್ರಾಣದಿಂದ ಹೊಸ ಪಟ್ಟಿ ತರಿಸಿದೆ. ಒಂದು ದೋಷವೂ ಇಲ್ಲ. ಪ್ಯಾಕೇಜುಗಳು ಇಳಿಯತೊಡಗಿದವು, ಅದೂ ಎಂದೂ ಕಾಣದ ವೇಗದಲ್ಲಿ. ಹಬ್ಬದ ರಜ, ಎಲ್ಲರೂ ಮನೆಯಲ್ಲಿದ್ದರು, ಇಡೀ ಲೈನು ನಮ್ಮೊಬ್ಬರದೇ. ಹಬ್ಬ ಕೆಡಿಸಿದ್ದನ್ನು ಹಬ್ಬವೇ ಅಷ್ಟಿಷ್ಟು ತುಂಬಿಕೊಟ್ಟಿತು.

ಹೊಸ ಡೆಸ್ಕ್‌ಟಾಪ್ ಎದ್ದು ಪರದೆಯ ಮೇಲೆ ಹಸಿರು ಬಣ್ಣ ಬಂತು. ಮಾದೇವಿ ಹೆಡ್‌ಫೋನ್ ಸಿಕ್ಕಿಸಿ ಕೂತಳು. ಸದ್ದಿಲ್ಲ. ನಾನು ಸೆಟ್ಟಿಂಗ್ ನೋಡಿದೆ, ಓದುವ ತಂತ್ರಾಂಶ ಓಡುತ್ತಿತ್ತು. ಯಾವ ಪ್ಯಾಕೇಜು ಬಿಟ್ಟುಹೋಯಿತು ಎಂದು ಮತ್ತೆ ಮೊದಲ ಸಾಲಿನಿಂದ ಓದಲು ಶುರು ಮಾಡಿದೆ. ಅಷ್ಟರಲ್ಲಿ ಮಾದೇವಿ ಬೆರಳು ಮೂಸಿ, ಇಲ್ಲಿ ಗಂಧದ ವಾಸನೆ ಬರುತ್ತಿದೆ ಎಂದಳು. ವಾರ್ಡ್ ಹುಡುಗರು ಹೆಡ್‌ಫೋನ್ ಸಿಕ್ಕಿಸುವ ತೂತಿಗೇ ಗಂಧದ ಬೊಟ್ಟು ಇಟ್ಟಿದ್ದರು, ಅದು ಒಣಗಿ ಗಟ್ಟಿಯಾಗಿತ್ತು. ಡ್ರೆಸ್ಸಿಂಗ್ ಕೋಣೆಯಿಂದ ಹತ್ತಿಕಡ್ಡಿ, ಸ್ಪಿರಿಟ್ ತಂದು ತೆಗೆದದ್ದಾಯಿತು. ಎಲ್ಲ ತಪ್ಪೂ ಉಗ್ರಾಣದ್ದಲ್ಲ.

ಮಾದೇವಿಯ ಮುಖ ನೋಡಿದೆ. ಹುಬ್ಬು ಮೇಲಕ್ಕೆ ಹೋಯಿತು. ನನಗೆ ಏನೂ ಕೇಳಿಸುತ್ತಿರಲಿಲ್ಲ, ಅವಳಿಗೆ ಕೇಳಿಸುತ್ತಿತ್ತು.

ಡಾಕ್ಟರಮ್ಮ ಬಂದರು. ಪರೀಕ್ಷೆಗೆ ಅವರು ಆರಿಸಿಕೊಂಡದ್ದು ಸುಮ್ಮನೆ ಒಂದು ಮಾದರಿಯಲ್ಲ. ಕಾಸಿಮೇಡಿನ ಮೀನುಗಾರನೊಬ್ಬ ಕೈಗೆ ಹೊಲಿಗೆ ಹಾಕಿಸಿಕೊಂಡು ವಾರ್ಡಿನಲ್ಲಿದ್ದ, ಅವತ್ತು ಮನೆಗೆ ಹೋಗಬೇಕು. ಅವನ ಹೆಂಡತಿ ವೈರ್ ಬುಟ್ಟಿಯಲ್ಲಿ ಬಟ್ಟೆ ತುಂಬಿಕೊಂಡು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರಮ್ಮ ತಾವೂ ಕೇಳಬೇಕು, ಸ್ಪೀಕರಿನಲ್ಲಿ ಹಾಕಿ ಎಂದರು. ಹಾಕಿದೆ. ಮಾದೇವಿ ಮೊದಲ ಸಾಲುಗಳನ್ನು ಟೈಪ್ ಮಾಡಿದಳು, ಓದುವ ದನಿಯನ್ನು ಆಗಲೇ ತನ್ನ ಎಂದಿನ ವೇಗಕ್ಕೆ ಏರಿಸಿದ್ದಳು. ಗಿಣಿ ಹಿಂಡು ಒಟ್ಟಿಗೆ ಕೂಗಿದ ಹಾಗೆ ಒಂದು ಸದ್ದು ಬಂತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಇದು ಇನ್ನೂ ಸರಿಯಾಗಿಲ್ಲವಾ ಎಂದು ಕೇಳಿದರು. ಮಾದೇವಿ ವೇಗ ತಗ್ಗಿಸಿದಳು. ನಿಧಾನವಾಗಿ, ಒಂದೊಂದೇ ಇಂಗ್ಲಿಷ್ ಪದವಾಗಿ, ರೋಗಿಯ ವಯಸ್ಸು, ಗಾಯ, ಹೊಲಿಗೆ ಕೇಳಿಸಿದವು. ಡಾಕ್ಟರಮ್ಮ ಸ್ವಲ್ಪ ಹೊತ್ತು ಆಲಿಸಿದರು. ಆಮೇಲೆ, ನಿನಗೆ ಬೇಕಾದ ಹಾಗೆ ಇಟ್ಟುಕೊಂಡು ಮಾಡಮ್ಮ, ನನಗೆ ಅರ್ಥವಾಗಬೇಕಿಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತರು.

ಗಿಣಿ ಹಿಂಡು ಮತ್ತೆ ಕೂಗಿತು. ಮಾದೇವಿಯ ಬೆರಳು ಓಡಿದವು. ಕಾಗದ ಪ್ರಿಂಟರಿನಿಂದ ಹೊರಗೆ ಬಂದಾಗ ಡಾಕ್ಟರಮ್ಮ ನಿಂತುಕೊಂಡೇ ಓದಿದರು. ಒಂದು ಕಡೆ ಅವರ ಪೆನ್ನು ನಿಂತಿತು. ಮಾತ್ರೆಯನ್ನು ಇನ್ನೊಂದೆರಡು ದಿನ ಹೆಚ್ಚು ತೆಗೆದುಕೊಳ್ಳಲಿ ಎಂದು ತಾವೇ ಪಕ್ಕದಲ್ಲಿ ಬರೆದರು. ಕೆಳಗೆ ಸಹಿ ಹಾಕಿದರು. ಮೀನುಗಾರನ ಹೆಂಡತಿ ಎದ್ದು ಬಂದು ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು ಹೋದಳು. ಸಂಪತ್ ಸಾರ್ ಕಡೆ ತಿರುಗಿದ ಡಾಕ್ಟರಮ್ಮ, ಏಜೆನ್ಸಿಯವರಿಗೆ ಬೇಡ ಅಂತ ಹೇಳಿಬಿಡಿ ಎಂದು, ಊಟಕ್ಕೆ ಹೊರಟುಹೋದರು. ಸಂಪತ್ ಸಾರ್ ಪುರಿ ಕಡಲೆಯ ಪೊಟ್ಟಣವೊಂದನ್ನು ಮಾದೇವಿಯ ಮೇಜಿನ ಮೇಲಿಟ್ಟು ಅವರ ಹಿಂದೆಯೇ ನಡೆದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಆಸ್ಪತ್ರೆಯ ಕೆಲಸದಲ್ಲಿ ಅಳಬಾರದು ಎಂದು ನಾನು ಎಂದೋ ತೀರ್ಮಾನಿಸಿದ್ದವಳು, ಅವತ್ತು ಕಣ್ಣೀರು ತಡೆಯಲಾಗಲಿಲ್ಲ. ಹೇಗೂ ಅವಳಿಗೆ ಕಾಣುವುದಿಲ್ಲವೆಂದು ಸೆರಗಿಗೂ ಕೈ ಹಾಕದೆ ಸುಮ್ಮನೆ ಕೂತಿದ್ದೆ. ಮಾದೇವಿ ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು.

"ಅಕ್ಕ, ಮೂಗು ಒರಸ್ಕಳಿ," ಎಂದಳು. "ಇನ್ನೂ ಎರಡು ಸಮ್ಮರಿ ಅದ."